ಮುಚ್ಚಿದೆ ಅಂದ್ರೆ ಮುಚ್ಚಿದೆ, ಅಷ್ಟೇ

ಮೊದಲು ಮಾನ ಹೋದ ಕಥೆ ಹೇಳಿಬಿಡ್ತೀನಿ. ಜಗಳ ಆಮೇಲೆ.

ಒಂದು ಗುರುವಾರ ಸಂಜೆ. ವರ್ಕ್ ಫ್ರಮ್ ಹೋಮ್. ಆರೂವರೆಗೆ ಮುಗಿಯಬೇಕಿದ್ದ ಮೀಟಿಂಗ್ ಏಳು ದಾಟಿತ್ತು. ನನ್ನ ಪಾಲಿನ ಮಾತು ಆಗಷ್ಟೇ ಮುಗಿದಿತ್ತು. ಅಷ್ಟರಲ್ಲಿ ಊರಿಂದ ಅಕ್ಕನ ಫೋನ್. ಅಪ್ಪನ ಆಪರೇಷನ್‌ಗೆ ದಿನ ಗೊತ್ತುಮಾಡುವ ವಿಚಾರ. ‘ನಾನು ಹೊರಡ್ತೀನಿ’ ಅಂತ ಚಾಟ್‌ನಲ್ಲಿ ಬರೆದೆ, ಮೈಕ್ ಇಲ್ಲದ ನನ್ನ ಹಳೇ ಹೆಡ್‌ಫೋನ್ ತೆಗೆದು ಪಕ್ಕಕ್ಕಿಟ್ಟೆ, ಲ್ಯಾಪ್‌ಟಾಪ್ ಮುಚ್ಚಿದೆ, ಪಕ್ಕದ ದೊಡ್ಡ ಮಾನಿಟರಿನ ಬಟನ್ ಒತ್ತಿ ಅದನ್ನೂ ಆರಿಸಿದೆ. ಫೋನನ್ನ ಸ್ಪೀಕರ್‌ಗೆ ಹಾಕಿ ಕುರ್ಚಿಗೆ ಒರಗಿದೆ.

ಮುಂದಿನ ನಾಲ್ಕೈದು ನಿಮಿಷ ನಾವಿಬ್ಬರೂ ಮಾತಾಡಿದ್ದು ದುಡ್ಡಿನ ಬಗ್ಗೆ. ಇನ್ಶೂರೆನ್ಸ್‌ನಿಂದ ಎಷ್ಟು ಬರುತ್ತೆ, ನನ್ನ ಅಕೌಂಟಲ್ಲಿ ಎಷ್ಟಿದೆ, ಫ್ಲ್ಯಾಟಿನ ಇಎಂಐ ಕಳೆದರೆ ಎಷ್ಟು ಉಳಿಯುತ್ತೆ, ಭಾವನ ಹತ್ರ ಕೇಳೋದಾ ಬೇಡ್ವಾ. ಅಕ್ಕ ಅತ್ತಳು. ನಾನೂ... ಬಿಡಿ.

ಆಗ ಫೋನಿನ ತಲೆಯ ಮೇಲೆ ಒಂದು ಮೆಸೇಜ್ ಇಳೀತು. ‘ಗುರು, ನೀನಿನ್ನೂ ಕಾಲ್‌ನಲ್ಲೇ ಇದ್ದೀಯ. ಎಲ್ಲಾ ಕೇಳಿಸ್ತಿದೆ.’

ಕಾಲ್‌ನಲ್ಲಿ ಎಂಟು ಜನ ಇದ್ದರು. ಅದರಲ್ಲಿ ಮೂವರಿಗೆ ಕನ್ನಡ ಬರುತ್ತೆ. ಟೀಮ್‌ನಲ್ಲಿ ಕನ್ನಡ ಬರದವರೇ ಜಾಸ್ತಿ ಅಂತ ವರ್ಷಗಟ್ಟಲೆ ಗೊಣಗಿದವನು ನಾನು. ಅವತ್ತು ಮೊದಲ ಸಲ ಅದಕ್ಕಾಗಿ ದೇವರಿಗೆ ಕೈ ಮುಗಿದೆ. ಮಾರನೇ ದಿನ ಆ ಮೂವರಲ್ಲಿ ಒಬ್ಬ, ನನ್ನ ಜೊತೆ ಕೆಲಸ ಬಿಟ್ಟು ಬೇರೆ ಮಾತೇ ಆಡದವನು, ಪ್ಯಾಂಟ್ರಿಯಲ್ಲಿ ಕಾಫಿ ಹಿಡಿದು ಬಂದು ‘ಅಪ್ಪ ಹೇಗಿದ್ದಾರೆ?’ ಅಂತ ಮೆಲ್ಲಗೆ ಕೇಳಿದ. ಒಳ್ಳೆಯ ಮನಸ್ಸಿಂದಲೇ ಕೇಳಿದ. ಅದಕ್ಕೇ ಇನ್ನೂ ಚುಚ್ಚಿತು.

ಆಗಿದ್ದು ಇಷ್ಟು. ಎರಡು ವಾರದ ಹಿಂದೆ ಆ ದೊಡ್ಡ ಮಾನಿಟರ್ ತಗೊಂಡಿದ್ದೆ. ಅಲ್ಲಿವರೆಗೂ ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಮಲಗ್ತಿತ್ತು, ಮೀಟಿಂಗ್ ತಾನಾಗೇ ಕಡಿದುಹೋಗ್ತಿತ್ತು. ವರ್ಷಗಳ ಅಭ್ಯಾಸ. ಮಾನಿಟರಿನ ಕೇಬಲ್ ಚುಚ್ಚಿದ ದಿನದಿಂದ ಯಂತ್ರ ತನ್ನಷ್ಟಕ್ಕೆ ಒಂದು ತೀರ್ಮಾನಕ್ಕೆ ಬಂದಿತ್ತು: ‘ಇವನು ಮುಚ್ಚಳ ಮುಚ್ಚಿದರೆ ದೊಡ್ಡ ಪರದೆಯಲ್ಲಿ ಕೆಲಸ ಮುಂದುವರಿಸ್ತಾನೆ, ನಾನು ಮಲಗಬಾರದು.’ ಅದೇ ಕೈ, ಅದೇ ಮುಚ್ಚಳ, ಅದೇ ಸನ್ನೆ. ಅರ್ಥ ಮಾತ್ರ ಬದಲು. ಬದಲಾಗಿದೆ ಅಂತ ನನಗೆ ಯಾರೂ ಹೇಳಲಿಲ್ಲ.

ಆ ಲ್ಯಾಪ್‌ಟಾಪ್ ಯಾವ ಕಂಪನಿಯದ್ದು, ಒಳಗಿದ್ದ ಆಪರೇಟಿಂಗ್ ಸಿಸ್ಟಮ್ ಯಾವುದು ಅಂತ ಹೇಳೋಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ‘ಅದಕ್ಕೇ ಸ್ವಾಮಿ ನಾನು ಇದನ್ನ ತಗೊಂಡಿದ್ದು’ ಅಂತ ತಮ್ಮದನ್ನ ತೋರಿಸಿ ಎದ್ದು ಹೋಗ್ತೀರಿ. ಎದ್ದು ಹೋಗ್ಬೇಡಿ. ನಿಮ್ಮದರ ಸರದಿಯೂ ಬರುತ್ತೆ.

*

ಈ ಕಥೆ ಕೇಳಿದ ಪ್ರತಿಯೊಬ್ಬ ಇಂಜಿನಿಯರ್ ಗೆಳೆಯನೂ ಹೇಳಿದ್ದು ಒಂದೇ ಮಾತು: ‘ಲೀವ್ ಬಟನ್ ಒತ್ತಬೇಕಿತ್ತು ಕಣೋ.’

ಒತ್ತಬೇಕಿತ್ತು, ಒಪ್ಪಿದೆ. ಆದರೆ ಒಂದು ಪ್ರಶ್ನೆ. ಊಟದ ಡಬ್ಬಿ ಮುಚ್ಚಿದ ಮೇಲೆ ‘ಮುಚ್ಚು’ ಅಂತ ಇನ್ನೊಂದು ಬಟನ್ ಒತ್ತುತ್ತೀರಾ? ಬಾಗಿಲು ಹಾಕಿದ ಮೇಲೆ ಬಾಗಿಲನ್ನ ‘ಹಾಕಿಕೊಂಡ್ಯಾ?’ ಅಂತ ಕೇಳ್ತೀರಾ? ಮುಚ್ಚೋದು ಅನ್ನೋದು ಮನುಷ್ಯನ ಕೈಗೆ ಗೊತ್ತಿರುವ ಅತ್ಯಂತ ಹಳೆಯ ಮಾತುಗಳಲ್ಲಿ ಒಂದು. ಪುಸ್ತಕ, ಪೆಟ್ಟಿಗೆ, ಕಿಟಕಿ, ಕಣ್ಣು. ಅದನ್ನ ಯಾರೂ ನಮಗೆ ಯೂಸರ್ ಮ್ಯಾನ್ಯುಯಲ್ ಕೊಟ್ಟು ಕಲಿಸಿಲ್ಲ.

ಲ್ಯಾಪ್‌ಟಾಪ್ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. 1982ರಲ್ಲಿ ಬಂದ ಗ್ರಿಡ್ ಕಂಪಾಸ್ ಅನ್ನೋ ಯಂತ್ರ, ಬಿಲ್ ಮಾಗ್ರಿಜ್ ವಿನ್ಯಾಸ ಮಾಡಿದ್ದು, ಪರದೆಯನ್ನ ಕೀಬೋರ್ಡಿನ ಮೇಲೆ ಮಡಚುವ ರೂಪವನ್ನ ತಂದಿತು. ಬೆಲೆ 8,150 ಡಾಲರ್. ನಾಸಾದವರು ಅದನ್ನ ಬಾಹ್ಯಾಕಾಶ ನೌಕೆಯಲ್ಲೂ ಒಯ್ದರು. ಇವತ್ತು ನಿಮ್ಮ ಬ್ಯಾಗಿನಲ್ಲಿರೋದು ಅದೇ ರೂಪದ ಮೊಮ್ಮಗು. ಮಡಚುವ ರೂಪ ಗೆದ್ದಿದ್ದೇ ಅದು ನಮ್ಮ ಕೈಗೆ ಮೊದಲೇ ಗೊತ್ತಿದ್ದ ಭಾಷೆಯಲ್ಲಿ ಮಾತಾಡಿದ್ದಕ್ಕೆ.

ಈಗ ಒಳಗೆ ಏನಾಗುತ್ತೆ ನೋಡಿ. ಸಾಮಾನ್ಯವಾಗಿ ಮುಚ್ಚಳದ ಅಂಚಿನಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತೆ, ಕೆಳಗೆ ಕೀಬೋರ್ಡ್ ಪಕ್ಕ ಹಾಲ್ ಸೆನ್ಸರ್. ಎರಡೂ ಹತ್ತಿರ ಬಂದಾಗ ‘ಮುಚ್ಚಳ ಮುಚ್ಚಿದೆ’ ಅನ್ನೋ ಸಂದೇಶ ಆಪರೇಟಿಂಗ್ ಸಿಸ್ಟಮ್‌ಗೆ ಹೋಗುತ್ತೆ. (ಮುಚ್ಚಿದ ಒಂದು ಲ್ಯಾಪ್‌ಟಾಪ್ ಮೇಲೆ ತೆರೆದ ಇನ್ನೊಂದನ್ನ ಇಟ್ಟಾಗ ಮೇಲಿನದು ಕೆಲವೊಮ್ಮೆ ಸುಮ್ಮನೆ ಮಲಗಿಬಿಡೋದು ಇದಕ್ಕೇ. ಕೆಳಗಿನ ಅಯಸ್ಕಾಂತವನ್ನ ತನ್ನದೇ ಅಂದ್ಕೊಳ್ಳುತ್ತೆ, ಪಾಪ.) ಅಷ್ಟೇ, ಒಂದು ಸಂದೇಶ. ಕರೆಂಟ್ ಕಡಿಯಲ್ಲ, ಯಾವ ತಂತಿಯೂ ಬಿಚ್ಚಲ್ಲ. ನೀವು ಮುಚ್ಚಿದ್ದು ಒಂದು ಅರ್ಜಿ. ಅದನ್ನ ಏನು ಮಾಡಬೇಕು ಅಂತ ನಿರ್ಧರಿಸೋದು ಬೇರೆಯವರು.

ಪವರ್ ಬಟನ್‌ನ ಕಥೆಯೂ ಇದೇ. 90ರ ದಶಕದ ಕಂಪ್ಯೂಟರ್ ಬಳಸಿದವರಿಗೆ ನೆನಪಿರಬಹುದು: ಪೆಟ್ಟಿಗೆಯ ಮುಂದೆ ಟಪ್ ಅಂತ ಒಳಗೆ ಕೂರುವ ದಪ್ಪ ಸ್ವಿಚ್ಚು. ಮನೆಯ ಗೋಡೆಯ ಸ್ವಿಚ್ಚಿನ ಹಾಗೆ ನಿಜವಾಗಿ ಕರೆಂಟ್ ಕಡಿಯುತ್ತಿದ್ದದ್ದು. ವಿಂಡೋಸ್ 95 ಕಪ್ಪು ಪರದೆಯ ಮೇಲೆ ಕಿತ್ತಳೆ ಅಕ್ಷರಗಳಲ್ಲಿ ‘ಈಗ ಕಂಪ್ಯೂಟರನ್ನ ಆರಿಸಬಹುದು, ಅಪಾಯವಿಲ್ಲ’ ಅಂತ ಹೇಳಿ ಕೈ ಕಟ್ಟಿ ನಿಲ್ತಿತ್ತು. ಆರಿಸೋದು ನಿಮ್ಮ ಬೆರಳು. ಅದೇ 1995ರಲ್ಲಿ ಇಂಟೆಲ್‌ನ ಎಟಿಎಕ್ಸ್ ವಿನ್ಯಾಸ ಬಂತು, 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಅನ್ನೋ ನಿಯಮಾವಳಿ ತಂದರು. ಅಲ್ಲಿಂದ ಮುಂದೆ ಪವರ್ ಬಟನ್ ಕೂಡ ಅರ್ಜಿಯಾಯ್ತು. ಒತ್ತಿದರೆ ಸಿಸ್ಟಮ್‌ಗೆ ಸುದ್ದಿ ಹೋಗುತ್ತೆ, ಅದು ಯೋಚನೆ ಮಾಡುತ್ತೆ.

ಇದರಲ್ಲಿ ಒಳ್ಳೆಯದೂ ಇದೆ, ಅದನ್ನ ಮರೆಮಾಚಿ ಜಗಳ ಆಡಲ್ಲ. ಹಳೇ ಸ್ವಿಚ್ಚಿನ ಕಾಲದಲ್ಲಿ ಅರ್ಧ ಬರೆದ ಫೈಲು ಹಾಳಾಗ್ತಿತ್ತು, ಮುಂದಿನ ಸಲ ಆನ್ ಮಾಡಿದಾಗ ಡಿಸ್ಕ್ ತಪಾಸಣೆ ಅಂತ ಹೊತ್ತು ಹೋಗ್ತಿತ್ತು. ಯಂತ್ರಕ್ಕೆ ‘ಸ್ವಲ್ಪ ಇರಿ, ಹರಡಿದ್ದನ್ನ ಎತ್ತಿಟ್ಟು ಬರ್ತೀನಿ’ ಅನ್ನೋಕೆ ಎರಡು ಸೆಕೆಂಡ್ ಕೊಡೋದು ನ್ಯಾಯವೇ. ಆ ನಿಯಮ ಬರೆದವರಿಗೆ ಇನ್ನೊಂದು ವಿವೇಕವೂ ಇತ್ತು. ಬಟನ್ನನ್ನ 4 ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಸಾಫ್ಟ್‌ವೇರ್ ಏನೇ ಅಂದ್ರೂ ಯಂತ್ರ ಆರಲೇಬೇಕು ಅಂತ ಬರೆದರು. ಹ್ಯಾಂಗ್ ಆದ ಲ್ಯಾಪ್‌ಟಾಪಿನ ಕುತ್ತಿಗೆ ಹಿಡಿದಂತೆ ಆ ಬಟನ್ ಒತ್ತಿ ಹಿಡಿದು ಕೂತಿದ್ದೀರಲ್ಲ, ಅದು ನಿಮಗೆ ಉಳಿದಿರುವ ಕೊನೆಯ ಅಧಿಕಾರ.

ಹಾಗಾಗಿ ನನ್ನ ತಕರಾರು ಅರ್ಜಿ ಪದ್ಧತಿಯ ಮೇಲಲ್ಲ. ಅರ್ಜಿ ಕೊಟ್ಟವನಿಗೆ ಉತ್ತರ ಹೇಳದೇ ಇರೋದರ ಮೇಲೆ.

*

ನಮ್ಮಪ್ಪ ಕೆಇಬಿಯಲ್ಲಿ ಲೈನ್‌ಮ್ಯಾನ್ ಆಗಿದ್ದವರು. (ಆ ಹೆಸರು ಹೋಗಿ ಎಷ್ಟೋ ವರ್ಷ ಆಯ್ತು, ನಮ್ಮೂರಲ್ಲಿ ಇವತ್ತಿಗೂ ಅದು ಕೆಇಬಿಯೇ.) ಕಂಬ ಹತ್ತೋಕೆ ಮುಂಚೆ ಅವರದ್ದೊಂದು ವ್ರತ ಇತ್ತು. ಟಿಸಿ ಹತ್ರ ಹೋಗಿ ಲೈನ್ ಆಫ್ ಮಾಡಿ ಸುಮ್ಮನಾಗ್ತಿರಲಿಲ್ಲ. ಫ್ಯೂಸನ್ನ ಕಿತ್ತು ತಾವೇ ಇಟ್ಟುಕೊಳ್ತಿದ್ದರು. ‘ಆಫ್ ಮಾಡಿದೀನಿ ಅಂತ ಯಾರು ಹೇಳಿದ್ರೂ ನಂಬಬಾರದು. ಆಫ್ ಅನ್ನೋದು ನನ್ನ ಜೇಬಲ್ಲಿ ಇರಬೇಕು’ ಅಂತಿದ್ದರು. ಅದನ್ನ ಹಾಗೇ ನಂಬಿ ಕಂಬ ಹತ್ತಿದ ಅವರ ಜೊತೆಯ ಒಬ್ಬರು ಮನೆಗೆ ವಾಪಸ್ ಬರಲಿಲ್ಲ ಅನ್ನೋದು ನಾನು ಚಿಕ್ಕಂದಿನಲ್ಲಿ ಕೇಳಿದ ಕಥೆ.

ನನ್ನ ಮುಚ್ಚಳದಿಂದ ಯಾರೂ ಸಾಯಲ್ಲ, ಗೊತ್ತು. ಆದರೆ ಮಾತು ಅದೇ. ಆರಿಸಿದವನು ತಾನೇ ನೋಡಿ, ಮುಟ್ಟಿ ತಿಳ್ಕೊಳ್ಳುವ ಹಾಗಿದ್ದರೆ ಮಾತ್ರ ಅದು ಆಫ್. ಅದಿಲ್ಲದಿದ್ದರೆ ಅದು ವದಂತಿ. ನಮ್ಮ ಕೈಲಿರುವ ಯಂತ್ರಗಳು ಕಳೆದ ಹತ್ತು ಹದಿನೈದು ವರ್ಷದಲ್ಲಿ ಒಂದೊಂದಾಗಿ ಆಫ್ ಅನ್ನೋದನ್ನ ವದಂತಿ ಮಾಡಿವೆ.

ಸರದಿ ಪ್ರಕಾರ ಬರೋಣ.

ವಿಂಡೋಸ್. 2012ರಲ್ಲಿ ವಿಂಡೋಸ್ 8 ಜೊತೆ ಫಾಸ್ಟ್ ಸ್ಟಾರ್ಟಪ್ ಅನ್ನೋದು ಬಂತು. ಅದು ಚಾಲೂ ಇದ್ದರೆ ನೀವು ‘ಶಟ್‌ಡೌನ್’ ಒತ್ತಿದಾಗ ನಿಮ್ಮ ಪ್ರೋಗ್ರಾಮ್‌ಗಳು ಮುಚ್ಚುತ್ತವೆ, ಆದರೆ ಸಿಸ್ಟಮ್‌ನ ತಿರುಳು ತನ್ನ ಸ್ಥಿತಿಯನ್ನ ಡಿಸ್ಕಿಗೆ ಬರೆದುಕೊಂಡು ಮಲಗುತ್ತೆ. ಮತ್ತೆ ಆನ್ ಮಾಡಿದಾಗ ಬೇಗ ಏಳಲಿ ಅಂತ. ಪೂರ್ತಿ ತಾಜಾ ಆಗಿ ಶುರುವಾಗ್ಬೇಕಾದ್ರೆ ‘ರೀಸ್ಟಾರ್ಟ್’ ಒತ್ತಬೇಕು. ಅಂದ್ರೆ ನಿಲ್ಲಿಸು ಅಂದ್ರೆ ನಿಲ್ಲಲ್ಲ, ಮತ್ತೆ ಶುರುಮಾಡು ಅಂದ್ರೆ ಪೂರ್ತಿ ನಿಲ್ಲುತ್ತೆ! ಐಟಿ ಸಪೋರ್ಟಿನವರು ‘ಸರ್, ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಮಾಡಿ’ ಅಂತ ಗಂಟಲು ಹರ್ಕೊಳ್ಳೋದು ಸುಮ್ಮನೆ ಅಲ್ಲ.

ನಿದ್ದೆಯ ಗತಿಯೂ ಅಷ್ಟೇ. ಎಸಿಪಿಐ ಪ್ರಕಾರ ಎಸ್3 ಅನ್ನೋ ಒಂದು ಸ್ಥಿತಿ ಇದೆ. ಮೆಮೊರಿಗೆ ಮಾತ್ರ ತುಸು ಕರೆಂಟ್, ಉಳಿದದ್ದೆಲ್ಲ ಹೆಚ್ಚೂಕಡಿಮೆ ಬಂದ್. ಗಾಢ ನಿದ್ದೆ. ವಿಂಡೋಸ್ 8ರ ಕನೆಕ್ಟೆಡ್ ಸ್ಟ್ಯಾಂಡ್‌ಬೈ, ಆಮೇಲೆ ವಿಂಡೋಸ್ 10ರ ಮಾಡರ್ನ್ ಸ್ಟ್ಯಾಂಡ್‌ಬೈ ಈ ಜಾಗಕ್ಕೆ ಫೋನಿನ ಮಾದರಿಯ ನಿದ್ದೆ ತಂದವು. ಪರದೆ ಆರಿರುತ್ತೆ, ಯಂತ್ರ ಆಗಾಗ ಒಂದು ಕಣ್ಣು ತೆರೆದು ಕೆಲಸ ಮುಗಿಸ್ಕೊಳ್ಳುತ್ತೆ. ಎಲ್ಲ ಸರಿಯಿದ್ದಾಗ ಚೆನ್ನಾಗೇ ಇರುತ್ತೆ. ಯಾವುದೋ ಡ್ರೈವರ್, ಯಾವುದೋ ಅಪ್‌ಡೇಟ್ ಅದನ್ನ ಮಲಗೋಕೆ ಬಿಡದಿದ್ದರೆ? ಬ್ಯಾಗಿನೊಳಗೆ ಗಾಳಿಯಿಲ್ಲದೆ ಬೇಯುತ್ತೆ. ಸಾಯಂಕಾಲ ನಾಲ್ಕಕ್ಕೆ ಪೂರ್ತಿ ಚಾರ್ಜ್ ಮಾಡಿ ಬ್ಯಾಗಿಗೆ ಹಾಕಿದ್ದು ರಾತ್ರಿ ಮನೆಗೆ ಬಂದು ತೆಗೆದರೆ ಇಸ್ತ್ರಿ ಪೆಟ್ಟಿಗೆ ಆಗಿರುತ್ತೆ, ಬ್ಯಾಟರಿ ಸೊನ್ನೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಮಾದರಿಗಳಲ್ಲಿ ಹಳೇ ಎಸ್3 ಬೇಕು ಅಂದ್ರೂ ಸಿಗಲ್ಲ.

ಮ್ಯಾಕ್. ‘ನಮ್ಮದರಲ್ಲಿ ಈ ರಗಳೆ ಇಲ್ಲ’ ಅಂತೀರಿ, ಯಾಕಂದ್ರೆ ನಿಮ್ಮದರಲ್ಲಿ ಆಯ್ಕೆಯೇ ಇಲ್ಲ. ಮುಚ್ಚಿದರೆ ಏನಾಗಬೇಕು ಅನ್ನೋ ಸಾಲು ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ನೋಡಿ. ಹೊರಗಿನ ಮಾನಿಟರ್, ಚಾರ್ಜರ್ ಚುಚ್ಚಿದ್ದರೆ ಎಚ್ಚರ, ಇಲ್ಲದಿದ್ದರೆ ನಿದ್ದೆ. ಕಂಪನಿ ತೀರ್ಮಾನ ಮಾಡಿ ಆಗಿದೆ. 2016ರ ಕೊನೆಯ ಮ್ಯಾಕ್‌ಬುಕ್ ಪ್ರೊದಿಂದ ಇನ್ನೊಂದು ಸೊಗಸು: ಆರಿಸಿಟ್ಟದ್ದನ್ನ ಸುಮ್ಮನೆ ತೆರೆದರೂ ಸಾಕು, ಆನ್ ಆಗುತ್ತೆ. ಪರದೆ ಒರೆಸೋಣ ಅಂತ ಬಟ್ಟೆ ಹಿಡಿದು ತೆರೆದವರನ್ನ ಕೇಳಿ.

ಲಿನಕ್ಸ್. ಇಲ್ಲಿ ನಮ್ಮ ಜನ ಎದೆ ಉಬ್ಬಿಸಿ ‘ಎಲ್ಲಾ ನಮ್ಮ ಕೈಲಿದೆ’ ಅಂತಾರೆ. ಇದೆ, ನಿಜ. ಸಿಸ್ಟಮ್‌ಡಿ ಅನ್ನೋದರೊಳಗೆ ಲಾಗಿನ್‌ಡಿ ಅಂತ ಒಬ್ಬ ದ್ವಾರಪಾಲಕ ಇದ್ದಾನೆ. ಅವನ ಕಾನ್ಫಿಗ್ ಫೈಲಿನಲ್ಲಿ ಪವರ್ ಬಟನ್‌ಗೊಂದು ಸಾಲು, ಮುಚ್ಚಳಕ್ಕೊಂದು ಸಾಲು. ಮಾಮೂಲಿ ಲೆಕ್ಕ: ಬಟನ್ ಒತ್ತಿದರೆ ಪವರ್‌ಆಫ್, ಮುಚ್ಚಿದರೆ ಸಸ್ಪೆಂಡ್, ಎರಡನೇ ಪರದೆ ಇದ್ದಾಗ ಮುಚ್ಚಿದರೆ ಇಗ್ನೋರ್. ಎದ್ದ ಮೇಲೆ ಮೊದಲ 30 ಸೆಕೆಂಡ್ ಮುಚ್ಚಳದ ಸುದ್ದಿಗೆ ಕಿವಿಗೊಡಬೇಡ ಅಂತಲೂ ಒಂದು ನಿಯಮ. ಅಂದ್ರೆ ಒಂದು ನಿಮಿಷಕ್ಕೆ ತೆರೆದು ಏನೋ ನೋಡಿ ತಕ್ಷಣ ಮುಚ್ಚಿ ಬ್ಯಾಗಿಗೆ ಹಾಕುವ ಆತುರಗಾರನಿಗೆ, ಅವನು ನಿಜವಾಗಿ 20 ಸೆಕೆಂಡಿಗೇ ಮುಚ್ಚಿದ್ದರೆ, ಮುಚ್ಚಿದ್ದು ಆ ಕ್ಷಣಕ್ಕೆ ಲೆಕ್ಕಕ್ಕಿಲ್ಲ. ಇದಕ್ಕೆಲ್ಲ ಕಾರಣಗಳಿವೆ, ಎಲ್ಲಾ ಮ್ಯಾನ್ಯುಯಲ್‌ನಲ್ಲಿ ಬರೆದಿದೆ. ಸರಿ, ಅದರ ಮೇಲೆ ಕೂತಿರುವ ಡೆಸ್ಕ್‌ಟಾಪ್‌ಗಳು ‘ಮುಚ್ಚಳದ ವಿಷಯ ನಾವು ನೋಡ್ಕೋತೀವಿ, ನೀನು ಸುಮ್ಮನಿರು’ ಅಂತ ಅವನಿಂದ ಅಧಿಕಾರ ಕಸಿದುಕೊಳ್ಳಬಹುದು. ಆಗ ಫೈಲಿನಲ್ಲಿ ನೀವು ಬರೆದದ್ದು ಒಂದು, ಆಗೋದು ಇನ್ನೊಂದು. ಗ್ನೋಮ್ ಸೆಟ್ಟಿಂಗ್ಸ್‌ನಲ್ಲಿ ಪವರ್ ಬಟನ್‌ಗೆ ಆಯ್ಕೆ ಇದೆ, ಮುಚ್ಚಳಕ್ಕಿಲ್ಲ. ಕೆಡಿಇಯಲ್ಲಿ ಎರಡಕ್ಕೂ ಇದೆ. ಹೊರಗಿನ ಮಾನಿಟರ್ ಇದ್ದಾಗಲೂ ಹಾಗೇ ಮಾಡ್ಲಾ ಅಂತ ಕೇಳುವ ಚೌಕವೂ ಇದೆ. ಆ ಒಂದು ಚೌಕ ನನ್ನ ಕಣ್ಣಿಗೆ ಬಿದ್ದಿದ್ದರೆ ಈ ಲೇಖನವೇ ಇರ್ತಿರಲಿಲ್ಲ.

ಫೋನಿನ ಮಾತು ಆಡೋದೇ ಬೇಡ. 2017ರ ಐಫೋನ್ ಎಕ್ಸ್‌ನಿಂದ ಪಕ್ಕದ ಬಟನ್ ಒತ್ತಿ ಹಿಡಿದರೆ ಫೋನ್ ಆರಲ್ಲ, ಸಿರಿ ‘ಏನಮ್ಮಾ?’ ಅಂತ ಬರ್ತಾಳೆ. ಆರಿಸಬೇಕಾದ್ರೆ ಜೊತೆಗೆ ವಾಲ್ಯೂಮ್ ಬಟನ್ನೂ ಒತ್ತಬೇಕು. ಎಷ್ಟೋ ಆಂಡ್ರಾಯ್ಡ್‌ಗಳಲ್ಲೂ ಇದೇ ಪಾಡು. ಪವರ್ ಬಟನ್‌ನಿಂದ ಪವರ್ ಹೋಗಿ ವರ್ಷಗಳಾದವು.

*

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ‘ಬಹುಪಾಲು ಜನಕ್ಕೆ ಇದೇ ಅನುಕೂಲ. ಆಯ್ಕೆ ಹೆಚ್ಚಾದಷ್ಟೂ ಜನಕ್ಕೆ ಗೊಂದಲ.’

ಬಹುಪಾಲು ಜನ ಅಂದ್ರೆ ಯಾರು? ಬೆಂಗಳೂರಿನ ಯಾವುದೇ ಟೆಕ್ ಪಾರ್ಕಿಗೆ ಬನ್ನಿ. ಬೆಳಗ್ಗೆ ಹನ್ನೊಂದಕ್ಕೆ ಮೀಟಿಂಗ್ ರೂಮುಗಳು ಬದಲಾಗುವ ಹೊತ್ತಿಗೆ ಕಾರಿಡಾರಿನಲ್ಲಿ ನಿಂತು ನೋಡಿ. ತೆರೆದ ಲ್ಯಾಪ್‌ಟಾಪನ್ನ ಎರಡೂ ಕೈಯಲ್ಲಿ ಮಂಗಳಾರತಿ ತಟ್ಟೆ ಹಿಡಿದ ಹಾಗೆ ಹಿಡಿದು, ಆರಿಹೋಗುತ್ತೋ ಅನ್ನೋ ಭಯದಲ್ಲಿ ಸಾಲಾಗಿ ನಡೆಯುವ ಜನ. ಕೆಲವರು ಮುಚ್ಚಳದ ಸಂದಿಗೆ ಒಂದು ಬೆರಳು ಇಟ್ಟಿರ್ತಾರೆ. ಸಿಗ್ನಲ್‌ನಲ್ಲಿ ಸ್ಕೂಟರಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತವರ ಫೋಟೋ ನೋಡಿ ನಾವೆಲ್ಲ ನಕ್ಕಿದ್ದೀವಿ. ಇವರಲ್ಲಿ ಎಷ್ಟೋ ಮಂದಿ ಸಾಫ್ಟ್‌ವೇರ್ ಬರೆಯುವವರೇ. ಕೆಲವರು ಆಪರೇಟಿಂಗ್ ಸಿಸ್ಟಮ್‌ಗೇ ಕೋಡ್ ಬರೆಯುವವರು! ಅಡುಗೆ ಭಟ್ಟರೇ ತಮ್ಮ ಸಾರು ಬಡಿಸಿಕೊಳ್ಳೋಕೆ ಹೆದರುವ ಮದುವೆಮನೆ ಇದು. ಮುಚ್ಚಿದರೆ ಏನಾಗುತ್ತೆ ಅಂತ ಅವರಿಗೇ ಖಾತ್ರಿ ಇಲ್ಲ. ಗೊಂದಲ ತಪ್ಪಿಸೋಕೆ ಆಯ್ಕೆ ಬಚ್ಚಿಟ್ಟಿದ್ದೀವಿ ಅಂತೀರಲ್ಲ, ಗೊಂದಲ ತಪ್ಪಿದ ಲಕ್ಷಣವಾ ಇದು?

ಇನ್ನೊಂದು ಗುಟ್ಟು. ಬಚ್ಚಿಟ್ಟ ಆಯ್ಕೆಯನ್ನ ಜನ ಹುಡುಕದೇ ಬಿಡಲ್ಲ. ವಿಂಡೋಸ್‌ನಲ್ಲಿ ಎಷ್ಟೋ ವರ್ಷ ಅದು ಕಂಟ್ರೋಲ್ ಪ್ಯಾನೆಲ್‌ನ ಮೂರು ಬಾಗಿಲು ದಾಟಿದ ಮೇಲೆ ಸಿಗ್ತಿತ್ತು. ವಿಪಿಎನ್ ಕಡಿಯುತ್ತೆ, ಬಿಲ್ಡ್ ನಿಲ್ಲುತ್ತೆ ಅಂತ ಪಕ್ಕದ ಸೀಟಿನವನು ತೋರಿಸಿಕೊಡ್ತಾನೆ: ‘ಡೂ ನಥಿಂಗ್ ಅಂತ ಇಡು, ಆರಾಮ.’ ಇಡ್ತೀವಿ, ಮರೀತೀವಿ. ಹಿಂದಿನ ಕೆಲಸದಲ್ಲಿ ನಾನೂ ಇಟ್ಟಿದ್ದೆ. ಒಂದು ಸಂಜೆ ಮೆಟ್ರೋದಲ್ಲಿ ನಿಂತಾಗ ಬೆನ್ನಿಗೆ ಬಿಸಿನೀರಿನ ಚೀಲ ಕಟ್ಟಿದ ಹಾಗಾಗಿ ಬ್ಯಾಗ್ ಇಳಿಸಿ ನೋಡಿದರೆ, ಒಳಗೆ ಫ್ಯಾನ್ ಹುಚ್ಚು ಹಿಡಿದಂತೆ ಓಡ್ತಿದೆ. ಅದರಲ್ಲಿ ತಪ್ಪು ನನ್ನದೂ ಇದೆ. ಆದರೆ ಯಂತ್ರಕ್ಕೂ ಗೊತ್ತಿತ್ತು: ಮುಚ್ಚಳ ಮುಚ್ಚಿದೆ, ಚಾರ್ಜರ್ ಇಲ್ಲ, ಹೊರಗೆ ಯಾವ ಪರದೆಯೂ ಇಲ್ಲ, ಕೀ ಒತ್ತುವವರಿಲ್ಲ, ಶಾಖ ಏರ್ತಿದೆ. ನಾನು ಕೇಳದ ವಿಷಯದಲ್ಲಿ ಅಷ್ಟೊಂದು ಜಾಣತನ ತೋರಿಸುವ ಯಂತ್ರ, ನಿಜವಾಗಿ ಬೇಕಾದಾಗ ‘ನೀವೇ ಹೇಳಿದ್ರಲ್ಲ ಸಾರ್’ ಅಂತ ಸುಮ್ಮನಿರುತ್ತೆ.

ಇಷ್ಟು ಬೈದ ಮೇಲೆ ನಮ್ಮನ್ನೂ ಬೈದುಕೊಳ್ಳಬೇಕು. ‘ಡೂ ನಥಿಂಗ್’ ಅನ್ನೋದು ಬರೀ ಯಂತ್ರದ ಸೆಟ್ಟಿಂಗ್ ಅಲ್ಲ, ನಮ್ಮ ನೌಕರಿಯ ಸೆಟ್ಟಿಂಗ್. ಮುಚ್ಚಿದರೂ ಚಾಟ್‌ನಲ್ಲಿ ಹಸಿರು ಚುಕ್ಕೆ ಆರಬಾರದು ಅಂತ ಬಯಸಿದವರು ನಾವೇ. ಊಟಕ್ಕೆ ಕೂತಾಗ ‘ಅದನ್ನ ಮುಚ್ಚಿಡೋ’ ಅಂತ ಅಮ್ಮ ಅಂದ್ರೆ ಮುಚ್ಚಿದ ಹಾಗೆ ಮಾಡಿ ಅರ್ಧ ಇಂಚು ಸಂದಿ ಬಿಡುವವರು ನಾವೇ. ಪೂರ್ತಿ ಮುಚ್ಚಲಾರದ ಜನಕ್ಕೆ ಪೂರ್ತಿ ಮಲಗದ ಯಂತ್ರ ಸಿಕ್ಕಿದೆ. ಆದರೂ ಒಂದು ವ್ಯತ್ಯಾಸ ಇದೆ. ನಾನು ಬೇಕಂತ ಸಂದಿ ಬಿಟ್ಟರೆ ಅದು ನನ್ನ ತೀರ್ಮಾನ. ನಾನು ಪೂರ್ತಿ ಮುಚ್ಚಿದ ಮೇಲೂ ಯಾರೋ ಸಂದಿ ಬಿಟ್ಟರೆ ಅದು ನನ್ನ ಮನೆಯೊಳಗೆ ಇಣುಕೋದು.

*

ಹಾಗಾದ್ರೆ ಏನು ಬೇಕು? ದೊಡ್ಡ ಪಟ್ಟಿ ಇಲ್ಲ. ನಾಲ್ಕು.

ಒಂದು. ಮುಚ್ಚಳ ಮುಚ್ಚಿದ ಕ್ಷಣ ಅದರ ಒಳಗಿನ ಮೈಕ್ ಸಾಯಬೇಕು. ಮಾನಿಟರ್ ಇರಲಿ ಬಿಡಲಿ, ಮೀಟಿಂಗ್ ನಡೀಲಿ ಬಿಡಲಿ. ಆಗಲ್ಲ ಅನ್ನಬೇಡಿ. ಇಷ್ಟು ಹೊತ್ತು ನಾನು ಬೈದ ಆ್ಯಪಲ್ 2018ರಿಂದ ಟಿ2 ಚಿಪ್ ಇರುವ ಮ್ಯಾಕ್‌ಬುಕ್‌ಗಳಲ್ಲಿ, ಆಮೇಲಿನ ತನ್ನದೇ ಚಿಪ್‌ನ ಮ್ಯಾಕ್‌ಬುಕ್‌ಗಳಲ್ಲಿ, ಮುಚ್ಚಳ ಮುಚ್ಚಿದಾಗ ಮೈಕನ್ನ ಹಾರ್ಡ್‌ವೇರ್ ಮಟ್ಟದಲ್ಲೇ ಕಡಿಯುತ್ತೆ. ಸಾಫ್ಟ್‌ವೇರ್ ಬೇಕು ಅಂದ್ರೂ ಆನ್ ಮಾಡೋಕಾಗಲ್ಲ. ಅಪ್ಪ ಫ್ಯೂಸ್ ಕಿತ್ತು ಜೇಬಿಗೆ ಹಾಕ್ತಿದ್ದರಲ್ಲ, ಇದು ಅದೇ. ಪ್ಯೂರಿಸಂ, ಫ್ರೇಮ್‌ವರ್ಕ್ ಥರದ ಸಣ್ಣ ಕಂಪನಿಗಳು ಮೈಕ್, ಕ್ಯಾಮೆರಾಗೆ ನಿಜವಾದ ಸ್ವಿಚ್ ಇಟ್ಟು ಮಾರ್ತಿವೆ. ಉಳಿದವರಿಗೆ ಏನು ದಾಡಿ?

ಎರಡು. ಅರ್ಥ ಬದಲಾಗುವಾಗ ಕೇಳಿ. ಮೊದಲ ಸಲ ಮಾನಿಟರ್ ಚುಚ್ಚಿದಾಗ ಒಂದೇ ಒಂದು ಪ್ರಶ್ನೆ: ‘ಇನ್ನು ಮುಂದೆ ಮುಚ್ಚಿದರೆ ಮಲಗಲಾ, ಎಚ್ಚರ ಇರಲಾ?’ ಕುಕೀ ಒಪ್ಪಿಗೆ ಕೇಳೋಕೆ ದಿನಕ್ಕೆ ನೂರು ಸಲ ಬಾಗಿಲು ಬಡಿಯುವ ಲೋಕಕ್ಕೆ ಇದೊಂದು ಪ್ರಶ್ನೆ ಭಾರವಾಗಲ್ಲ. ಆ ಸೆಟ್ಟಿಂಗ್ ಬ್ಯಾಟರಿಯ ಪುಟದಲ್ಲೇ, ಮೇಲೇ, ಎಲ್ಲರಿಗೂ ಕಾಣುವ ಹಾಗಿರಲಿ.

ಮೂರು. ಎಚ್ಚರ ಇದ್ದರೆ ಹೊರಗೆ ತೋರಿಸಿ. ಥಿಂಕ್‌ಪ್ಯಾಡ್‌ನ ಮುಚ್ಚಳದ ಮೇಲೆ ಹೆಸರಿನ ‘ಐ’ ಅಕ್ಷರದ ಚುಕ್ಕೆಯೇ ಒಂದು ಕೆಂಪು ದೀಪ. ಮಲಗಿದಾಗ ಮೆಲ್ಲಗೆ ಮಿನುಗುತ್ತೆ. ಹಳೇ ಮ್ಯಾಕ್‌ಬುಕ್‌ಗಳಲ್ಲಿ ಮಗು ಉಸಿರಾಡಿದ ಹಾಗೆ ಏರಿ ಇಳಿಯುವ ಬಿಳಿ ದೀಪ ಇತ್ತು. ತೆಳ್ಳಗಾಗುವ ಆಸೆಗೆ ಅದನ್ನ ತೆಗೆದರು. ಎರಡು ರೂಪಾಯಿಯ ದೀಪ ವಾಪಸ್ ಕೊಡಿ ಸ್ವಾಮಿ, ಲಕ್ಷ ರೂಪಾಯಿ ಕೊಡ್ತಿಲ್ವಾ ನಾವು?

ನಾಲ್ಕು. ಶಟ್‌ಡೌನ್ ಅಂದ್ರೆ ಶಟ್‌ಡೌನ್. ಬೇಗ ಏಳುವ ಅರೆನಿದ್ದೆ ಬೇಕಾದವರಿಗೆ ಅದಕ್ಕೆ ಬೇರೆ ಹೆಸರಿಡಿ. ಹೆಸರಿಗೆ ಸುಳ್ಳು ಹೇಳಿಸಬೇಡಿ.

ಅದಾಗುವವರೆಗೆ ನಮ್ಮ ಕೈಲಾಗೋದು ಇಷ್ಟು. ಇವತ್ತು ರಾತ್ರಿ ಐದು ನಿಮಿಷ ತೆಗೆದು ನಿಮ್ಮ ಲ್ಯಾಪ್‌ಟಾಪಿನ ಮುಚ್ಚಳದ ಸೆಟ್ಟಿಂಗ್ ಎಲ್ಲಿದೆ ಹುಡುಕಿ. ಬ್ಯಾಟರಿಯಲ್ಲಿದ್ದಾಗ ‘ಡೂ ನಥಿಂಗ್’ ಇದ್ದರೆ ಈಗಲೇ ತೆಗೆಯಿರಿ. ದೂರ ಪ್ರಯಾಣಕ್ಕೆ ಬ್ಯಾಗಿಗೆ ಹಾಕುವ ಮುಂಚೆ ಹೈಬರ್ನೇಟ್ ಮಾಡಿ. ಮಾನಿಟರ್ ಚುಚ್ಚಿ ಒಂದು ಹಾಡು ಹಾಕಿ ಮುಚ್ಚಳ ಮುಚ್ಚಿ ನೋಡಿ. ಹಾಡು ನಿಂತಿತಾ, ಇಲ್ವಾ? ಆಫೀಸಿನ ಲ್ಯಾಪ್‌ಟಾಪಲ್ಲಿ ಆ ಆಯ್ಕೆಗೆ ಬೂದು ಬಣ್ಣ ಬಳಿದು ಬೀಗ ಹಾಕಿದ್ದರೆ, ಯಾಕೆ ಅಂತ ಐಟಿಯವರಿಗೆ ಒಂದು ಟಿಕೆಟ್ ಹಾಕಿ. ಹತ್ತು ಜನ ಹಾಕಿದರೆ ಯಾರಾದರೂ ಓದ್ತಾರೆ.

*

ಅಪ್ಪನ ಆಪರೇಷನ್ ಚೆನ್ನಾಗಿ ಆಯ್ತು. ಎರಡು ತಿಂಗಳಾದ ಮೇಲೆ ನಮ್ಮ ಮನೆಗೆ ಬಂದು ಕೆಲವು ದಿನ ಇದ್ದರು. ಒಂದು ರಾತ್ರಿ ನಾನು ಕೆಲಸ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿ, ಮಾನಿಟರಿನ ಕೇಬಲ್ ಕಿತ್ತು, ಸುತ್ತಿ ಮೇಜಿನ ಡ್ರಾಯರಿಗೆ ಹಾಕೋದನ್ನ ನೋಡ್ತಾ ಕೂತಿದ್ದರು. ದಿನಾ ಹೀಗೇ ಮಾಡ್ತೀನಿ ಈಗ.

‘ಯಾಕೋ ಅದನ್ನ ದಿನಾ ಕೀಳ್ತೀಯ? ಸ್ವಿಚ್ ಇಲ್ವಾ ಅದಕ್ಕೆ?’ ಅಂದರು.

‘ಇದೆ ಅಪ್ಪ. ಆರಿದ್ಯೋ ಇಲ್ವೋ ಗೊತ್ತಾಗಲ್ಲ.’

ಅವರು ಸ್ವಲ್ಪ ಹೊತ್ತು ಆ ಮುಚ್ಚಿದ ಪೆಟ್ಟಿಗೆಯನ್ನ ನೋಡಿದರು. ಆಮೇಲೆ ಹೇಳಿದರು: ‘ಹಂಗಾದ್ರೆ ಅದು ಆರಿಲ್ಲ.’